ತಾತನ ಖಾಲಿ ಹಾಳೆ

ಕ್ಯೋಟೊ
ಏಪ್ರಿಲ್ 9, 2022

ಅಜ್ಜಿ,

ಬಂದು ತಲುಪಿದೆ. ನಿನ್ನೆ ಫೋನ್ ಮಾಡಿ ತಕ್ಷಣ ಕತ್ತರಿಸಿದ್ದು ನಾನೇ. ಫೋನ್ ಬಂದರೆ ತಿರುಗುವ ದೀಪ, ನಿನ್ನ ಕ್ಷೌರದಂಗಡಿಯ ಕನ್ನಡಿಯ ಮೇಲಿನ ಕೆಂಪು ದೀಪ, ತಿರುಗಿತಾ? ಒಂದು ಸಲ ತಿರುಗಿದರೆ ನಾನು ಕ್ಷೇಮ. ಎರಡು ಸಲ ತಿರುಗಿದರೆ ನಿನ್ನ ಫ್ಯಾಕ್ಸ್ ನನ್ನ ಕೈಗೆ ಬಂತು. ಇದನ್ನು ಮಾತ್ರ ಬದಲಾಯಿಸುವುದು ಬೇಡ. ಕಿವುಡರ ಶಾಲೆಯ ಹಾಸ್ಟೆಲ್‌ನಲ್ಲಿ ಹನ್ನೆರಡು ವರ್ಷ ನಿನ್ನ ದೀಪ ತಿರುಗಿಸಿಯೇ ಮಲಗಿದವಳು ನಾನು, ಇಲ್ಲಿ ಅದಿಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಕಾಲೇಜಿನ ಹಾಸ್ಟೆಲ್ ಚೆನ್ನಾಗಿದೆ. ರೂಮ್‌ಮೇಟ್ ಹೆಸರು ಶಿಹೊರಿ. ಎತ್ತರದ ಹುಡುಗಿ, ಕೈ ಬೀಸಿ ಬೀಸಿ ಮಾತಾಡುತ್ತಾಳೆ. ಆ ಕೈಗಳಿಗೆ ಅರ್ಥ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಎಲ್ಲರ ಬಾಯಿಗೂ ಮಾಸ್ಕ್. ನಮ್ಮ ಶಾಲೆಯಲ್ಲಿ ಟೀಚರುಗಳು ತುಟಿ ಕಾಣುವ ಪಾರದರ್ಶಕ ಮಾಸ್ಕ್ ಹಾಕುತ್ತಿದ್ದರು. ಇಲ್ಲಿ ಎದುರಿಗಿರುವವರು ನಗುತ್ತಿದ್ದಾರೋ ಗದರುತ್ತಿದ್ದಾರೋ ಹುಬ್ಬು ನೋಡಿ ಊಹಿಸಬೇಕು.

ಈಗ ಒಂದು ಬೇಡಿಕೆ, ಬೈಯಬೇಡ. ಇಲ್ಲಿಯ ಫ್ಯಾಕ್ಸ್ ಯಂತ್ರ ಇರುವುದು ವಾರ್ಡನ್ ಮುರೋಯಿ ಮೇಡಂ ಆಫೀಸಿನಲ್ಲಿ. ಬಂದ ಹಾಳೆಯನ್ನು ಅವರು ಊಟದ ಹಾಲ್‌ನಲ್ಲಿ ಎಲ್ಲರೆದುರು ಕೊಡುತ್ತಾರೆ. ಆದ್ದರಿಂದ ಕಾಗದದಲ್ಲಿ 'ಕಿವುಡು' ಎಂದು ಬರೆಯಬೇಡ. ನಾನು ಇನ್ನೂ ಯಾರಿಗೂ ಹೇಳಿಲ್ಲ. ಕಿವಿ ಮಷೀನು ಕೂದಲೊಳಗೆ ಇದೆ. ಹೇಳುತ್ತೇನೆ, ಖಂಡಿತ. ಮೊದಲು ನನ್ನ ಹೆಸರು ಕಲಿಯಲಿ, ಆಮೇಲೆ ನನ್ನ ಕಿವಿ.

ಫ್ಯಾಕ್ಸ್ ಬಿಟ್ಟು ಮೊಬೈಲಿಗೆ ಮೆಸೇಜ್ ಕಳಿಸು ಎಂದರೆ ನೀನು ಒಪ್ಪುವುದಿಲ್ಲ, ಗೊತ್ತು. ಆದರೂ ಕೇಳಿದೆ.

ನಿನ್ನ
ಚಿಗುಸಾ


ಕುರಾಯೊಶಿ
ಏಪ್ರಿಲ್ 13

ಚಿಗು,

ದೀಪ ತಿರುಗಿತು. ಆಗ ಕುರ್ಚಿಯಲ್ಲಿ ಅಕ್ಕಿ ಅಂಗಡಿಯ ಹಿಗಾಶಿದೆ ಇದ್ದ. ಮುಖದ ತುಂಬ ನೊರೆ. ನಾನು ಕತ್ತಿ ಹಿಡಿದೇ ಕುಣಿದೆ. ಅವನು ಕುರ್ಚಿಯ ಕೈ ಹಿಡಿದುಕೊಂಡ. ನೊರೆಯಲ್ಲಿ ಬೆರಳು ಅದ್ದಿ ಕನ್ನಡಿಯ ಮೇಲೆ ಬರೆದ: "ಅಜ್ಜಿ, ಮೊದ್ಲು ಕತ್ತಿ ಕೆಳಗಿಡಿ, ಆಮೇಲೆ ಕುಣೀರಿ."

ಕಿವುಡು ಎಂದು ಬರೆಯಬೇಡ ಎಂದೆ. ಸರಿ. ಈಗ ಒಂದು ಸಲ ಬರೆದಾಯಿತು. ಇನ್ನು ಇಲ್ಲ.

ಮೊಬೈಲಿನಲ್ಲಿ ಅಕ್ಷರ ಇರುವೆಯ ಸಾಲು. ಇರುವೆ ಓದುವವಳಲ್ಲ ನಾನು. ನನಗೆ ಹಾಳೆ ಬೇಕು.

ನಿನ್ನ ಬೇಡಿಕೆ ತಾತನಿಗೆ ಬಂದಿದ್ದರೆ ಖಾಲಿ ಹಾಳೆ ಕಳಿಸುತ್ತಿದ್ದ. ನೆನಪಿದೆಯಾ? ನನ್ನ ಮೇಲೆ ಮುನಿದರೆ ಕ್ಷೌರಿಕರ ಸಂಘದ ಆಫೀಸಿಗೆ ಹೋಗಿ ಅಲ್ಲಿಂದ ಅಂಗಡಿಗೆ ಫ್ಯಾಕ್ಸ್ ಮಾಡುತ್ತಿದ್ದ. ಹಾಳೆಯ ಮೇಲೆ ಒಂದಕ್ಷರ ಇಲ್ಲ. 'ನಿನ್ನ ಜೊತೆ ನನಗೆ ಮಾತಿಲ್ಲ' ಎಂದು ಅರ್ಥ. ಕಿವಿ ಕೇಳುವ ಗಂಡಸರು ಮುನಿದರೆ ಬಾಗಿಲು ಬಡಿಯುತ್ತಾರೆ. ನಮ್ಮವನು ಬಾಗಿಲು ಬಡಿದರೆ ಯಾರಿಗೆ ಗೊತ್ತಾಗಬೇಕು? ಅದಕ್ಕೆ ಖಾಲಿ ಹಾಳೆ.

ಸಂಘದಲ್ಲಿ ಹಾಳೆಯನ್ನು ಮಗುಚಿ ಇಟ್ಟು ಖಾಲಿ ಬೆನ್ನು ಕಳಿಸುವ ಪೆದ್ದರೂ ಇದ್ದರು. ಅವರದ್ದು ಕೋಪವೋ ಪೆದ್ದುತನವೋ ಹೆಂಡಂದಿರಿಗೆ ತಿಳಿಯುತ್ತಿರಲಿಲ್ಲ. ನಾನು ಯಂತ್ರ ಬಂದ ದಿನದಿಂದ ಒಮ್ಮೆಯೂ ಮಗುಚಿ ಇಟ್ಟವಳಲ್ಲ.

ಹೊಟ್ಟೆ ತುಂಬ ತಿನ್ನು. ಬೇಗ ಹೇಳಿಬಿಡು.

ಅಜ್ಜಿ


ಕ್ಯೋಟೊ
ಮೇ 20

ಅಜ್ಜಿ,

ತಡವಾಯಿತು. ನಗುವ ಸುದ್ದಿ ಒಂದಿದೆ, ನಗು.

ಮೊದಲ ವಾರ ಸೀನಿಯರ್ ಒಬ್ಬಳು ಬಂದು ಮಾಸ್ಕಿನೊಳಗಿಂದ ಏನೋ ಕೇಳಿದಳು. ಹುಬ್ಬು ಮೇಲೆ ಹೋಗಿತ್ತು, ಕಣ್ಣು ನಗುತ್ತಿತ್ತು. ನಾನು ತಲೆಯಾಡಿಸಿದೆ. ಮತ್ತೆ ಏನೋ ಕೇಳಿದಳು, ಮತ್ತೆ ಆಡಿಸಿದೆ. ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ಶಾಲೆಯ ಹಾಸ್ಟೆಲ್‌ನಲ್ಲಿ ಕಲಿತ ಪಾಠ ಅದೇ ತಾನೆ, ಗೊತ್ತಾಗದಿದ್ದರೆ ತಲೆಯಾಡಿಸಿ ನಗು. ಆ ರಾತ್ರಿ ಕ್ಲಾಸ್ ಗ್ರೂಪಿನಲ್ಲಿ ಮೆಸೇಜ್ ನೋಡಿದಾಗ ಗೊತ್ತಾಯಿತು. ಅವಳು ಕೇಳಿದ್ದು, "ನಿನ್ನ ಮಾತಿನ ಧಾಟಿನೇ ಬೇರೆ ಕಣೇ, ಇಂಗ್ಲೆಂಡ್‌ನಲ್ಲಿ ಬೆಳೆದ್ಯಾ?" ಆಮೇಲಿನದು, "ಅಪ್ಪ ಅಲ್ಲಿಯವರಾ?"

ಅಜ್ಜಿ, ಹನ್ನೆರಡು ವರ್ಷ ಟೀಚರ್ ನನ್ನ ತುಟಿಯ ಮುಂದೆ ಕಾಗದದ ಪಟ್ಟಿ ಹಿಡಿದು 'ಪ' ಎಂದಾಗ ಅದು ಹಾರಬೇಕು, 'ಮ' ಎಂದಾಗ ಸುಮ್ಮನಿರಬೇಕು ಎಂದು ಕಲಿಸಿದ ಮಾತು ಇದು. ಕೊನೆಗೆ ಇಲ್ಲಿ ಇಂಗ್ಲೆಂಡ್ ಆಯಿತು! ಈಗ ನನ್ನ ಹೆಸರು 'ಲಂಡನ್'. ನಾನು ಉತ್ತರ ಕೊಡದಿದ್ದರೆ ಶಿಹೊರಿ ಗ್ರೂಪಿನಲ್ಲಿ ಬರೆಯುತ್ತಾಳೆ, "ಲಂಡನ್‌ನೋರು ಕಣ್ರೇ, ಅಲ್ಲಿ ಕರೆದ ತಕ್ಷಣ ತಿರುಗಿ ನೋಡೋದು ಮರ್ಯಾದೆ ಅಲ್ವಂತೆ." ಎಲ್ಲದಕ್ಕೂ ಅವರೇ ಕಾರಣ ಹುಡುಕಿಕೊಡುತ್ತಾರೆ. ನನಗೆ ಸುಳ್ಳು ಹೇಳುವ ಕೆಲಸವೂ ಇಲ್ಲ. ತಲೆಯಾಡಿಸಿದರೆ ಮುಗಿಯಿತು.

ಇನ್ನು ಸ್ವಲ್ಪ ದಿನ ಬಿಟ್ಟು ಸರಿಮಾಡುತ್ತೇನೆ.

ಚಿಗುಸಾ


ಕುರಾಯೊಶಿ
ಮೇ 24

ಚಿಗು,

ನಕ್ಕೆ. ಆಮೇಲೆ ನಗು ನಿಂತಿತು. ಒಂದು ಕಥೆ ಹೇಳುತ್ತೇನೆ.

ನಾನು ಮದುವೆಯಾಗಿ ಬಂದ ವಾರ. ನಿನ್ನ ಮುತ್ತಜ್ಜಿಗೆ ಕಿವಿ ಚೆನ್ನಾಗಿತ್ತು, ಕೈಮಾತು ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಹೇಳಿದಳು, 'ತಬಾಕೊ' ತಾ. ಮಾವನಿಗೆ ಸಿಗರೇಟು. ತುಟಿಯ ಮೇಲೆ 'ಬ' ಮತ್ತು 'ಮ' ಒಂದೇ. ನಾನು 'ತಮಾಗೊ' ಎಂದು ನೋಡಿದೆ. ಮೊಟ್ಟೆ. ತಲೆಯಾಡಿಸಿ ಓಡಿ ಹೋಗಿ ಮೊಟ್ಟೆ ತಂದೆ. ಅತ್ತೆಯ ಮುಖ ನೋಡಿ ತಪ್ಪು ತಿಳಿಯಿತು. ಒಪ್ಪಿಕೊಳ್ಳಲು ನಾಚಿಕೆ. 'ಮಾವನಿಗೆ ಹುರಿದು ಕೊಡೋಣ ಅಂತ ತಂದೆ' ಎಂದು ಬರೆದು ತೋರಿಸಿದೆ. ಹುರಿದೆ. ಅವರಿಗೆ ಇಷ್ಟವಾಯಿತು. ಎಷ್ಟು ಇಷ್ಟ ಎಂದರೆ ಅವರು ಸಾಯುವವರೆಗೆ ದಿನಾ ಬೆಳಿಗ್ಗೆ ಮೊಟ್ಟೆ. ನನಗೆ ಹಸಿ ಮೊಟ್ಟೆಯ ವಾಸನೆ ಆಗುವುದಿಲ್ಲ. ನಿನಗೆ ಗೊತ್ತು.

ಒಂದು ಸಲ ತಲೆಯಾಡಿಸಿದ್ದು. ಹತ್ತೊಂಬತ್ತು ವರ್ಷ ಹುರಿದೆ.

ಇಂಗ್ಲೆಂಡ್ ಮೊಟ್ಟೆಗಿಂತ ದೊಡ್ಡದು. ಬೇಗ ಹೇಳು.

ನಿನ್ನ ಪೆನ್ನು ತೆಳ್ಳಗೆ. ದಪ್ಪ ಪೆನ್ನು ತೆಗೆದುಕೋ. ಯಂತ್ರ ಹಳೆಯದು, ಬೂದಿ ಬಣ್ಣದಲ್ಲಿ ಬರುತ್ತದೆ.

ಅಜ್ಜಿ


ಕ್ಯೋಟೊ
ಜುಲೈ 2

ಅಜ್ಜಿ,

ನಿನ್ನ ಮೊಟ್ಟೆಯ ಕಥೆ ಓದಿ ಮಾರನೇ ದಿನವೇ ಹೇಳಬೇಕೆಂದು ಹೋದೆ. ಇಲ್ಲಿ ನಮ್ಮಂಥವರಿಗಾಗಿ ಒಂದು ಸಹಾಯದ ಕೋಣೆ ಇದೆ. ಅಲ್ಲಿ ಹೆಸರು ಬರೆಸಿದರೆ ಕ್ಲಾಸಿನಲ್ಲಿ ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂತು ಟೀಚರ್ ಹೇಳಿದ್ದನ್ನೆಲ್ಲ ಟೈಪ್ ಮಾಡಿ ತೋರಿಸುತ್ತಾರೆ. ಬಾಗಿಲವರೆಗೆ ಹೋದೆ. ಗಾಜಿನಾಚೆ ನಮ್ಮ ಕ್ಲಾಸಿನ ಕನೊ ಕುಳಿತಿದ್ದಳು! ಅವಳು ಅಲ್ಲಿ ಟೈಪ್ ಮಾಡುವ ಕೆಲಸಕ್ಕೆ ಸೇರಿದ್ದಾಳಂತೆ. ಹೆಸರು ಬರೆಸಿದರೆ ಅವಳೇ ನನ್ನ ಬಲಕ್ಕೆ ಕೂರುವವಳು. 'ಲಂಡನ್, ನೀನ್ಯಾಕೆ ಇಲ್ಲಿ?' ಎಂದು ಕಣ್ಣು ಕೇಳಿತು. ನೋಟಿಸ್ ಬೋರ್ಡ್ ನೋಡಲು ಬಂದವಳ ಹಾಗೆ ನೋಡಿ ತಿರುಗಿ ಬಂದೆ.

ಏಪ್ರಿಲ್‌ನಲ್ಲಿ ಹೇಳಿದ್ದರೆ 'ಕಿವಿ ಕೇಳಲ್ಲ' ಎಂದಷ್ಟೇ ಹೇಳಬೇಕಿತ್ತು. ಈಗ ಹೇಳಿದರೆ 'ಕಿವಿ ಕೇಳಲ್ಲ, ಮತ್ತೆ ನಾನು ಸುಳ್ಳಿ' ಎಂದು ಎರಡು ಹೇಳಬೇಕು. ಒಂದು ನುಂಗಿದವರಿಗೆ ಇನ್ನೊಂದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮೊಬೈಲಿನಲ್ಲಿ ಮಾತನ್ನು ಅಕ್ಷರ ಮಾಡುವ ಆ್ಯಪ್ ಇದೆ. ಪೆನ್ಸಿಲ್ ಡಬ್ಬಿಯ ಹಿಂದೆ ನಿಲ್ಲಿಸಿಕೊಂಡು ಓದುತ್ತೇನೆ. ಮಾಸ್ಕಿನ ಮಾತು ಅದಕ್ಕೂ ಸರಿಯಾಗಿ ಕೇಳುವುದಿಲ್ಲ. ಮೊನ್ನೆ ಮಕ್ಕಳ ಮನಶ್ಶಾಸ್ತ್ರದ ಪಾಠದಲ್ಲಿ ಪರದೆಯ ಮೇಲೆ 'ಹಂದಿ ಎರಡು ಗಂಟೆಗೆ ಬರುತ್ತದೆ' ಎಂದು ಬಂತು. ನಾನು ತಲೆಯಾಡಿಸಿದೆ. ಟೀಚರ್ ಸಂತೋಷಪಟ್ಟರು.

ನವೆಂಬರ್‌ನಲ್ಲಿ ಕಾಲೇಜು ಹಬ್ಬ. ನಮ್ಮ ಕ್ಲಾಸಿನವರು ಇಂಗ್ಲಿಷ್ ಟೀ ಅಂಗಡಿ ಹಾಕುತ್ತಾರಂತೆ. ಯಾಕೆ ಎಂದು ಕೇಳಬೇಡ. ಸ್ಟೇಜಿನ ಮೇಲೆ ಮೈಕ್ ಹಿಡಿದು ಇಂಗ್ಲಿಷಿನಲ್ಲಿ ಎಲ್ಲರನ್ನೂ ಕರೆಯಬೇಕಾದವಳು ನಾನು. ಮೀಟಿಂಗಿನಲ್ಲಿ ನಾನೇ ಒಪ್ಪಿದೆನಂತೆ. ಹೇಗೆ ಒಪ್ಪಿದೆ ಎಂದು ನಿನಗೆ ಹೇಳಬೇಕಿಲ್ಲ.

ಆಗಸ್ಟ್‌ಗೆ ಬರಲಾಗುವುದಿಲ್ಲ, ಅಭ್ಯಾಸ ಇದೆ. ಅಳುತ್ತಿಲ್ಲ. ಬರೀ ಸುಸ್ತು. ಸಂಜೆ ಹೊತ್ತಿಗೆ ಕಣ್ಣು ಉರಿಯುತ್ತದೆ, ಇಡೀ ದಿನ ಹುಬ್ಬುಗಳನ್ನು ಓದಿ.

ಚಿಗುಸಾ


ಕುರಾಯೊಶಿ
ಸೆಪ್ಟೆಂಬರ್ 11

ಚಿಗು,

ಆಗಸ್ಟ್‌ನ ಹಿರಿಯರ ಹಬ್ಬ ಮುಗಿಯಿತು. ತಾತನ ಫೋಟೋ ಮುಂದೆ ಮರಸೇಬು ಇಟ್ಟೆ. ಒಂದು ನಿನ್ನ ಪಾಲಿನದು. ಅದನ್ನೂ ನಾನೇ ತಿಂದೆ.

ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಹೊಸ ಪೆನ್ನು, ದಪ್ಪ. ನೀನು ಮಾತ್ರ ಮತ್ತೆ ತೆಳ್ಳಗೆ ಬರೆದಿದ್ದೆ. ಜುಲೈ ಕಾಗದ ಓದಲು ಹಿಗಾಶಿದೆಯ ಸಹಾಯ ಬೇಕಾಯಿತು. ಅವನು ಓದಿ ಕನ್ನಡಿಯ ಮೇಲೆ ಬರೆದ. ಹಂದಿ ಬಂದಲ್ಲಿ ಇಬ್ಬರೂ ನಕ್ಕೆವು.

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಸುಮ್ಮನೆ. ಹುಡುಗ ಒಳ್ಳೆಯವನು. ಮಾಸ್ಕಿನೊಳಗೆ ಬಹಳ ಮಾತಾಡಿದ. ಹನಿ ಕೊಟ್ಟ. ನೋವು ಬಂದಾಗ ಹಾಕಿಕೊಳ್ಳಬೇಕು. ನೋವಿಲ್ಲ. ಅಮ್ಮನಿಗೆ ಬರೆಯಬೇಡ.

ನವೆಂಬರ್ ಹಬ್ಬಕ್ಕೆ ಕ್ಯೋಟೊಗೆ ಬರುತ್ತೇನೆ. ನಿನ್ನ ಮುಖ ನೋಡಬೇಕು. ಈ ವರ್ಷವೇ ನೋಡಬೇಕು. ಮುಂದಿನ ಸಾಲಿನಲ್ಲಿ ಕೂರಿಸು. ನೀನು ಮೈಕಿನಲ್ಲಿ ಏನು ಹೇಳಿದರೂ ನನಗೆ ಒಂದೇ. ನಮ್ಮ ಚಪ್ಪಾಳೆ ಹೊಡೆಯುತ್ತೇನೆ, ಎರಡೂ ಕೈ ಎತ್ತಿ ಆಡಿಸಿ.

ಅಜ್ಜಿ


ಕ್ಯೋಟೊ
ಸೆಪ್ಟೆಂಬರ್ 16

ಅಜ್ಜಿ,

ಬರಬೇಡ.

ತಪ್ಪು ತಿಳಿಯಬೇಡ ಎಂದು ಬರೆಯಲು ಹೊರಟೆ, ಆದರೆ ನೀನು ಸರಿಯಾಗಿಯೇ ತಿಳಿಯುತ್ತೀ, ಅದಕ್ಕೆ ನೇರವಾಗಿ ಬರೆಯುತ್ತೇನೆ. ನೀನು ಮುಂದಿನ ಸಾಲಿನಲ್ಲಿ ಕೂತು ಎರಡೂ ಕೈ ಎತ್ತಿ ಆಡಿಸಿದರೆ, ನನ್ನ ಕಡೆ ಕೈಮಾತಿನಲ್ಲಿ ಒಂದೇ ಒಂದು ಮಾತಾಡಿದರೆ, ಎಲ್ಲ ಮುಗಿಯಿತು. ನಾನು ಉತ್ತರ ಕೊಡದೆ ನಿಲ್ಲಲಾರೆ. ನನ್ನ ಕೈ ತಾನಾಗಿ ಏಳುತ್ತದೆ.

ನಿನಗೆ ಇದು ಅರ್ಥವಾಗುವುದಿಲ್ಲ. ನಿನ್ನ ಬೀದಿಯಲ್ಲಿ ಎಲ್ಲರೂ ನಿನಗಾಗಿ ಕನ್ನಡಿಯ ಮೇಲೆ ಬರೆಯುತ್ತಾರೆ. ಇಲ್ಲಿ ನನಗೆ ಯಾರೂ ಬರೆಯುವುದಿಲ್ಲ. ಇಲ್ಲಿ ನಾನು ಲಂಡನ್ ಆಗಿದ್ದರೆ ಮಾತ್ರ ಇದ್ದೇನೆ.

ನವೆಂಬರ್ ಕಳೆಯಲಿ. ನಾನೇ ಬರುತ್ತೇನೆ.

ಚಿಗುಸಾ


ಕುರಾಯೊಶಿ
ಸೆಪ್ಟೆಂಬರ್ 21






ಕ್ಯೋಟೊ
ಸೆಪ್ಟೆಂಬರ್ 24

ಅಜ್ಜಿ,

ಹಾಳೆ ಬಂತು. ನೆತ್ತಿಯಲ್ಲಿ ಯಂತ್ರ ಒತ್ತಿದ ನಿನ್ನ ಊರು ಮತ್ತು ತಾರೀಕು, ಕೆಳಗೆ ಏನೂ ಇಲ್ಲ. ಮುರೋಯಿ ಮೇಡಂ ಎರಡು ಸಲ ತಿರುಗಿಸಿ ನೋಡಿ ಕೊಟ್ಟರು. "ಇದೇನಮ್ಮಾ, ನಿಮ್ಮಜ್ಜಿ ಬೆಳಕಿಗೆ ಹಿಡಿದು ಓದೋ ಕಾಗದ ಕಳಿಸ್ತಾರಾ?" ಎಂದು ಕೇಳಿದರೆಂದು ಶಿಹೊರಿ ಆಮೇಲೆ ಬರೆದು ತೋರಿಸಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ತಾತನ ಹಾಳೆ. ಅರ್ಥವಾಯಿತು.

ಬೈದಿದ್ದರೆ ಚೆನ್ನಾಗಿತ್ತು. ನೀನು ಯಾವತ್ತೂ ನನಗೆ ಬೈದೇ ಮುಗಿಸಿದವಳು. ಇದನ್ನು ಕಳಿಸುತ್ತೀ ಎಂದು ಅಂದುಕೊಂಡಿರಲಿಲ್ಲ. ದೀಪ ತಿರುಗಿಸಲಿಲ್ಲ. ಏನೂ ಬರೆಯದ ಹಾಳೆಗೆ 'ಕೈಗೆ ಬಂತು' ಎಂದು ಹೇಳುವುದು ಹೇಗೆ?

ಚಿಗುಸಾ


ಕುರಾಯೊಶಿ
ಅಕ್ಟೋಬರ್ 15

ಚಿಗು

ಇಪ್ಪತ್ತೊಂದರಂದು
ಉದ್ದ ಕಾಗದ ಬರೆದೆ
ದೀಪ ತಿರುಗಲಿಲ್ಲ
ಕುರ್ಚಿಯಲ್ಲಿ ಕೂತು ನೋಡಿದೆ

ಆಮೇಲೆ ನಿನ್ನ ಹಾಳೆ ಬಂತು
ಬೂದಿ ಬಣ್ಣ
ಕಿಟಕಿಗೆ ಹಿಡಿದು ನೋಡಿದೆ
'ತಾತ' ಎಂಬುದು ಮಾತ್ರ ಓದಲಾಯಿತು
ತಾತನ ನೆನಪಾಯಿತಾ
ಒಳ್ಳೆಯ ಹುಡುಗಿ

ಹಿಗಾಶಿದೆಗೆ ತೋರಿಸಲಿಲ್ಲ
ಅವನ ಕಿವಿಗೆ ಗಾಯ ಮಾಡಿದೆ
ಬದಿಯಿಂದ ಕತ್ತಿ ಬಂದದ್ದು
ನನಗೆ ಕಾಣಲಿಲ್ಲ
ರಕ್ತ ಬಿಳಿ ಬಟ್ಟೆಯ ಮೇಲೆ ಕಂಡಿತು
ಅಂಗಡಿ ಮುಚ್ಚಿದೆ

ನವೆಂಬರ್‌ಗೆ ಬರುವುದಿಲ್ಲ
ಅದನ್ನೇ ಆ ಕಾಗದದಲ್ಲಿ ಬರೆದಿದ್ದೆ
ಕೋಪ ಇಲ್ಲ ಎಂದೂ ಬರೆದಿದ್ದೆ
ದೀಪ ಯಾಕೆ ತಿರುಗಿಸಲಿಲ್ಲ


ಕ್ಯೋಟೊ
ಅಕ್ಟೋಬರ್ 15

ಅಜ್ಜಿ

ದಪ್ಪ ಪೆನ್ನು
ಇದು ಕಾಣುತ್ತದಾ

ನಿನ್ನ ಹಾಳೆ ಖಾಲಿ ಬಂತು
ನೀನು ಮಗುಚಿ ಇಟ್ಟಿದ್ದೆ
ನಾನು ತಾತನ ಹಾಳೆ ಎಂದುಕೊಂಡೆ
ಪೆದ್ದಿ ನಾನು

ದೀಪ ಈಗ ಎರಡು ಸಲ
ತಿರುಗಿಸುತ್ತೇನೆ ನೋಡು

ಡಾಕ್ಟರ್ ಏನು ಹೇಳಿದ
ಹೇಳಿದ್ದನ್ನೆಲ್ಲ ಬರೆ


ಕುರಾಯೊಶಿ
ಅಕ್ಟೋಬರ್ 16

ಚಿಗು

ದೀಪ ಕಂಡಿತು
ಎರಡು ಸಲ

ಡಾಕ್ಟರ್ ಏನು ಹೇಳಿದ ಗೊತ್ತಿಲ್ಲ
ತಲೆಯಾಡಿಸಿದೆ

ಮತ್ತೆ ಹೇಳಿದ
ಮತ್ತೆ ಆಡಿಸಿದೆ
ಹೊರಗೆ ಜನ ಕಾಯುತ್ತಿದ್ದರು

ನೋವು ಬಂದಾಗ ಹಾಕು
ಎಂಬುದು ನನ್ನದೇ ಊಹೆ

ಅಮ್ಮನಿಗೆ ಹೇಳಬೇಡ
ನಿನ್ನ ಅಮ್ಮನ ಕಿವಿ ಚೆನ್ನಾಗಿತ್ತು
ಅದೇ ಅವಳ ಕಷ್ಟ
ಐದು ವರ್ಷದವಳಿದ್ದಾಗಿನಿಂದ
ಅವಳೇ ನಮ್ಮ ಟೆಲಿಫೋನು
ಬ್ಯಾಂಕು ಆಸ್ಪತ್ರೆ ಜಗಳ ಸಾವು
ಎಲ್ಲ ಆ ಸಣ್ಣ ಬಾಯಲ್ಲಿ
ಅದಕ್ಕೇ ಓಡಿಹೋದಳು ಊರು ಬಿಟ್ಟು
ಇನ್ನು ಅವಳ ಹತ್ತಿರ
ಒಂದು ಫೋನು ಮಾಡು ಎಂದು
ಕೇಳಲಾರೆ

ನೀನು ಮಾಡಲಾರೆ
ನಾನೂ ಮಾಡಲಾರೆ
ಇರಲಿ ಬಿಡು


ಕ್ಯೋಟೊ
ಅಕ್ಟೋಬರ್ 19

ಅಜ್ಜಿ,

ಈ ಕಾಗದ ಉದ್ದ. ದಪ್ಪ ಪೆನ್ನಿನಲ್ಲಿ ಬರೆದಿದ್ದೇನೆ, ಹಾಳೆಗೆ ಕೆಲವೇ ಸಾಲು. ಅಂಗಡಿಯ ತುಂಬ ಹಾಳೆ ಬೀಳುತ್ತದೆ. ಹಿಗಾಶಿದೆಯನ್ನು ಕರೆದು ಓದಿಸು. ಅವನು ಬರುತ್ತಾನೆ, ನನಗೆ ಗೊತ್ತು.

ನಾನು ಫೋನ್ ಮಾಡಿದೆ.

ನಗಬೇಡ. ಒಂದು ಸೇವೆ ಇದೆ. ನಾನು ಮೊಬೈಲಿನ ಕ್ಯಾಮೆರಾದಲ್ಲಿ ಕೈಮಾತಾಡಿದರೆ ನಡುವೆ ಕೂತ ಒಬ್ಬರು ಅದನ್ನು ಬಾಯಿಮಾತಿನಲ್ಲಿ ಆಚೆಯವರಿಗೆ ಹೇಳುತ್ತಾರೆ, ಆಚೆಯವರ ಮಾತನ್ನು ಕೈಯಲ್ಲಿ ನನಗೆ ತೋರಿಸುತ್ತಾರೆ. ಶಾಲೆ ಬಿಡುವಾಗ ಟೀಚರ್ ಎಲ್ಲರನ್ನೂ ಅದಕ್ಕೆ ಸೇರಿಸಿದ್ದರು. ನಾನು ಒಮ್ಮೆಯೂ ತೆರೆದಿರಲಿಲ್ಲ. ತೆರೆಯದಿರಲು ಕಾರಣ ಇಷ್ಟೇ: ಫೋನ್ ಎತ್ತಿದವರಿಗೆ ಅವರು ಮೊದಲು ಹೇಳುವ ಮಾತೇ 'ಕಿವಿ ಕೇಳದವರ ಕಡೆಯಿಂದ ಮಾತಾಡುತ್ತಿದ್ದೇನೆ' ಎಂದು.

ನಮ್ಮ ರೂಮಿನಲ್ಲಿ ನೆಟ್ ನಿಲ್ಲುವುದಿಲ್ಲ, ಪರದೆಯ ಮೇಲೆ ಕೈ ಅರ್ಧಕ್ಕೆ ಕಲ್ಲಾಗುತ್ತದೆ. ಚೆನ್ನಾಗಿ ಸಿಗುವುದು ಊಟದ ಹಾಲ್‌ನಲ್ಲಿ ಮಾತ್ರ. ಮಧ್ಯಾಹ್ನ ಊಟದ ಹೊತ್ತು. ನಿನ್ನ ಕಣ್ಣಿನ ಆಸ್ಪತ್ರೆ ಮುಚ್ಚುವ ಮೊದಲು ಮಾಡಬೇಕಿತ್ತು. ಸೋಯಾ ಬಾಟಲಿಗೆ ಮೊಬೈಲ್ ಒರಗಿಸಿ, ಕೂದಲು ಹಿಂದಕ್ಕೆ ಕಟ್ಟಿ, ಕೈ ಎತ್ತಿದೆ. ಆರು ತಿಂಗಳಾಗಿತ್ತು ಅಜ್ಜಿ, ಬೆರಳುಗಳು ಜೋಮು ಹಿಡಿದ ಹಾಗಿದ್ದವು. ಹಾಲ್‌ನಲ್ಲಿ ಒಂದೊಂದೇ ಚಾಪ್‌ಸ್ಟಿಕ್ ನಿಂತದ್ದು ಕಣ್ಣಂಚಿನಲ್ಲಿ ಕಾಣುತ್ತಿತ್ತು. ನಿನಗೆ ಈಗ ಕಾಣದ ಜಾಗ ಅದು ಎಂದು ಆಗ ಹೊಳೆಯಿತು.

ನಡುವಿನ ಹೆಂಗಸು ತೋರಿಸಿದ ನರ್ಸಿನ ಮಾತು ಇದು:

"ಫೋನಲ್ಲಿ ರೋಗಿ ವಿಷಯ ಹೇಳೋ ಹಾಗಿಲ್ಲಮ್ಮಾ."

ನಾನು ಕೈಯಲ್ಲಿ ಹೇಳಿದೆ, "ಬೇಡ. ನಾನೇ ಹೇಳ್ತೀನಿ, ನೀವು ಹೌದು ಇಲ್ಲ ಅನ್ನಿ. ನೋವು ಬಂದಾಗ ಮಾತ್ರ ಹನಿ ಹಾಕ್ಬೇಕು ಅಂತ ಅಜ್ಜಿ ತಿಳ್ಕೊಂಡಿದಾರೆ."

ಆಮೇಲೆ ನಡುವಿನ ಹೆಂಗಸಿನ ಕೈ ಜೋರಾಗಿ ಆಡಿತು. "ಅಯ್ಯೋ, ಯಾರ್ರೀ ಹಾಗಂದಿದ್ದು! ದಿನಾ ಹಾಕ್ಬೇಕು, ಬೆಳಿಗ್ಗೆ ಸಂಜೆ, ತಪ್ಪಿಸೋ ಹಾಗೇ ಇಲ್ಲ. ಇದಕ್ಕೆ ನೋವೇ ಬರಲ್ಲ, ಒಳಗೆ ಒತ್ತಡ ಏರ್ತಾ ಹೋಗುತ್ತೆ, ಬದಿಯಿಂದ ಕತ್ತಲೆ ಬರುತ್ತೆ. ಮನೆಯವರನ್ನ ಕರ್ಕೊಂಡು ಹದಿನೈದು ದಿನಕ್ಕೆ ಬನ್ನಿ ಅಂತ ಡಾಕ್ಟರ್ ಎಷ್ಟು ಸಲ ಹೇಳಿದ್ರು! ಬರೆದು ಕೊಡ್ಲಾ ಅಂತ ನಾನೇ ಪೆನ್ ತೋರಿಸ್ದೆ. ಬೇಡ ಅಂತ ಕೈ ಆಡಿಸಿ, ಚೆನ್ನಾಗಿ ತಲೆ ಆಡಿಸಿ, ನಕ್ಕು ಹೋದ್ರು."

ಪೆನ್ ಬೇಡ ಎಂದೆಯಾ ಅಜ್ಜಿ? ನನಗೆ ಬೈಯಲು ಬಾಯಿಲ್ಲ. ನಾನೂ ಗಾಜಿನ ಬಾಗಿಲಿನಿಂದ ತಿರುಗಿ ಬಂದವಳೇ.

ಶನಿವಾರ ಬೆಳಿಗ್ಗೆಗೆ ನಮಗೆ ಸಮಯ ಕೊಟ್ಟಿದ್ದಾರೆ. ನಾನು ಶುಕ್ರವಾರದ ರೈಲಿಗೆ ಬರುತ್ತೇನೆ. ಈ ಕಾಗದ ಓದಿದ ಕೂಡಲೇ ಹನಿ ಹಾಕಿಕೋ. ಎರಡೂ ಕಣ್ಣಿಗೆ. ನೋವಿಲ್ಲದಿದ್ದರೂ.

ಇಲ್ಲಿಯ ವಿಷಯ. ಮೊಬೈಲ್ ಇಟ್ಟು ತಲೆ ಎತ್ತಿದರೆ ಶಿಹೊರಿ, ಕನೊ, ಮುರೋಯಿ ಮೇಡಂ, ಎಲ್ಲರೂ. ಶಿಹೊರಿ ಮೊಬೈಲಿನಲ್ಲಿ ಬರೆದು ನನ್ನ ಮುಂದೆ ಹಿಡಿದಳು. "ಹಾಗಾದ್ರೆ ಲಂಡನ್ ಅಂದಾಗೆಲ್ಲ ಯಾಕೆ ತಲೆ ಆಡಿಸ್ತಿದ್ದೆ?" ನಾನು ಬಾಯಲ್ಲೇ ಹೇಳಿದೆ, "ನೀವು ಏನಂದ್ರಿ ಅಂತ ಗೊತ್ತಾಗಿದ್ರೆ ತಾನೇ!" ಅವಳು ನಕ್ಕುಬಿಟ್ಟಳು. ಕನೊ ನಗಲಿಲ್ಲ. "ನಾನು ಕಿವಿ ಕೇಳದವರಿಗೆ ಟೈಪ್ ಮಾಡೋ ಕೆಲಸ ಮಾಡ್ತೀನಿ. ನನ್ನನ್ನೇ ಆರು ತಿಂಗಳು ಮಂಗ ಮಾಡಿದ್ಯಲ್ಲ" ಎಂದು ಬರೆದು ತೋರಿಸಿ ಎದ್ದು ಹೋದಳು. ಅವಳದ್ದು ನ್ಯಾಯ. ಮೇಡಂ ಈಗ ನನ್ನ ಜೊತೆ ಬಾಯಿ ಅಷ್ಟಗಲ ಮಾಡಿ ಮಾಸ್ಕಿನೊಳಗೆ ಕೂಗುತ್ತಾರೆ, ಬಟ್ಟೆ ಉಬ್ಬಿ ಇಳಿಯುವುದು ಮಾತ್ರ ಕಾಣುತ್ತದೆ. ಮೈಕಿನ ಕೆಲಸ ಬೇರೆಯವರಿಗೆ ಕೊಟ್ಟರು. ನನಗೆ ಟೀ ಕಪ್ ತೊಳೆಯುವ ಕೆಲಸ. ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಬಂದೆ. ಈ ಡಬ್ಬಿಯ ಮೇಲೆ ಹೆಸರು ಮಾತ್ರ ಸರಿಯಾಗಿದೆ.

ಸಹಾಯದ ಕೋಣೆಗೆ ಹೋಗಿ ಬರೆಸಿ ಬಂದೆ. ನನ್ನ ಬಲಕ್ಕೆ ಯಾರು ಕೂರುತ್ತಾರೋ ಗೊತ್ತಿಲ್ಲ.

ಇಂದಿನಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ದೀಪ ತಿರುಗಿಸುತ್ತೇನೆ. ತಿರುಗಿದಾಗ ಹನಿ. ಅಷ್ಟೇ.

ಚಿಗುಸಾ


ಕುರಾಯೊಶಿ
ನವೆಂಬರ್ 6

ಚಿಗು

ಬೆಳಿಗ್ಗೆ ದೀಪ ತಿರುಗಿತು
ಹನಿ ಹಾಕಿದೆ
ಆಮೇಲೆ ಬರೆಯಲು ಕೂತೆ

ಹಿಗಾಶಿದೆ ಬಂದಿದ್ದ
ಕಿವಿಗೆ ಪಟ್ಟಿ
ಕನ್ನಡಿಯ ಮೇಲೆ ಬರೆದ
"ಇನ್ನೊಂದು ಕಿವಿ ಇದೆ ಅಜ್ಜಿ,
ಅಂಗಡಿ ಯಾವಾಗ ತೆಗೀತೀರಿ?"
ತೆಗೆಯುವುದಿಲ್ಲ
ಅವನಿಗೆ ಗೊತ್ತು
ನೊರೆ ಹಚ್ಚಿ ಒರೆಸಿ ಕಳಿಸಿದೆ
ಕತ್ತಿ ಮುಟ್ಟಲಿಲ್ಲ

ದೀಪ ತಿರುಗುವಾಗ
ಬೆಳಕಿನ ಅರ್ಧ ಸುತ್ತು ಕಾಣುತ್ತದೆ
ಉಳಿದರ್ಧ ಕಾಣದೆ ಹೋಗುತ್ತದೆ
ಮತ್ತೆ ಬರುತ್ತದೆ
ಬರುವವರೆಗೆ ಕಾಯುತ್ತೇನೆ

ಒಂದು ಮಾತು
ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳುವುದನ್ನು
ನಿನ್ನ ಮೊಬೈಲು ಅಕ್ಷರ ಮಾಡಿತು
ನೀನು ಓದಿ ನನಗೆ ಕೈಯಲ್ಲಿ ಹೇಳಿದೆ
ಬಲಗಣ್ಣು ಉಳಿಯುತ್ತದೆ ಎಂದೆ
ಎಡಗಣ್ಣಿಗೆ ಬಂದಾಗ
'ನೋಡೋಣ ಅಂತಾರೆ' ಎಂದೆ

ಸುಳ್ಳು ಹೇಳುವಾಗ
ನಿನ್ನ ಹೆಬ್ಬೆರಳು ಒಳಗೆ ಹೋಗುತ್ತದೆ
ಮೂರು ವರ್ಷದವಳಿದ್ದಾಗಿನಿಂದ
ಅಷ್ಟು ಹತ್ತಿರ ಕೂತಿದ್ದೆ
ಅದು ನನಗೆ ಕಂಡಿತು
ಎಡಗಣ್ಣು ಹೋಗಿದೆ ತಾನೆ

ನಾನು ತಲೆಯಾಡಿಸಿದೆ
ನಿನಗೆ ಬೇಜಾರಾಗಬಾರದೆಂದು

ಇದೇ ಕೊನೆ
ಇನ್ನು ನೀನು ಪೂರ್ತಿ ಹೇಳು
ನಾನು ಗೊತ್ತಾಗದಿದ್ದರೆ
ಗೊತ್ತಾಗಲಿಲ್ಲ ಎನ್ನುತ್ತೇನೆ

ಹಾಳೆ ಮಗುಚಿ ಇಡದಿರಲು
ಉಪಾಯ ಮಾಡಿದ್ದೇನೆ
ಶಾಯಿ ಒಣಗುವ ಮೊದಲು
ಹೆಬ್ಬೆರಳು ಒತ್ತಿ ನೋಡುತ್ತೇನೆ
ಬೆರಳಿಗೆ ತಣ್ಣಗೆ ಒದ್ದೆ ಹತ್ತಿದರೆ
ಅದು ಬರೆದ ಬದಿ

ಮೂಲೆಯಲ್ಲಿ ಆ ಬೆರಳಿನ ಕಪ್ಪು ಕಲೆ ಬಂದಿರುತ್ತದೆ
ಯಂತ್ರದ ಕೊಳೆ ಎಂದು
ಮೇಡಂ ಹೇಳಬಹುದು
ಅಲ್ಲ
ಕಲೆ ಇರುವ ಬದಿಯಲ್ಲಿ
ನಾನಿದ್ದೇನೆ

ಅಜ್ಜಿ